ಡಾಕ್ಟ್ರನ್ನ ಕೇಳಿ: ಓಸಿಡಿ ಮಾತ್ರೆ, ಮನಸ್ಸಿನ ಮೇಲೆ ಸೈಡ್ ಎಫೆಕ್ಟ್

ಅಡ್ಮಿನ್: ಮನೋವೈದ್ಯರು ಬಂದಿದಾರೆ. ಓಸಿಡಿಗೆ, ಅಂದ್ರೆ ಗೀಳು ಕಾಯಿಲೆಗೆ ಕೊಡೋ ಡಿಪ್ರೆಶನ್ ಮಾತ್ರೆಗಳ ಬಗ್ಗೆ ಕೇಳಿ.

ತುಮಕೂರು: ಸರ್, ಸರ್ಟ್ರಾಲಿನ್ 50 ಶುರು ಮಾಡಿ ಆರು ದಿನ. ಗ್ಯಾಸ್ ಆಫ್ ಆಗಿದ್ಯಾ ಅಂತ ನೋಡೋದು ಹಾಗೇ ಇದೆ, ಜೊತೆಗೆ ಎದೆ ಢವಢವ, ಕೂತಲ್ಲಿ ಕೂರಕ್ಕಾಗ್ತಿಲ್ಲ. ಬಿಟ್ಬಿಡ್ಲಾ?

ಡಾಕ್ಟರ್: ಶುರುವಲ್ಲಿ ಒಂದೆರಡು ವಾರ ಚಡಪಡಿಕೆ ಇರುತ್ತೆ. ಆದ್ರೆ ಕೂರಕ್ಕೇ ಆಗ್ತಿಲ್ಲ ಅಂದ್ರೆ ಬರೆದುಕೊಟ್ಟವರಿಗೆ ನಾಳೆನೇ ಹೇಳಿ, ಡೋಸ್ ಇಳಿಸಿ ನಿಧಾನಕ್ಕೆ ಏರಿಸ್ತಾರೆ. ಗೀಳು ಇಳಿಯಕ್ಕೆ 8ರಿಂದ 12 ವಾರ ಬೇಕು.

ಶಿವಮೊಗ್ಗ: ನಂಗೂ ಅದೇ ಸರ್, ಬಿಡಬಹುದಾ?

ಡಾಕ್ಟರ್: ಮೇಲೆ ಓದಿ. ನೀವಾಗೇ ಬಿಡ್ಬೇಡಿ.

ಹಾಸನ: ಮಾತ್ರೆ ಶುರುವಾದ್ಮೇಲೆ ಅಪ್ಪ ತೀರ್ಕೊಂಡಾಗ್ಲೂ ನಂಗೆ ಅಳು ಬರ್ಲಿಲ್ಲ. ಇದು ಮಾತ್ರೆಯಿಂದಾನಾ?

ದಾವಣಗೆರೆ: ಮಗನಿಗೆ 22. ದಿನಕ್ಕೊಂದು ಸೋಪು ಖಾಲಿ ಮಾಡ್ತಿದ್ದ, ಬೆರಳ ಸಂದೀಲಿ ಚರ್ಮ ಬಿರಿದು ರಕ್ತ ಬರ್ತಿತ್ತು. ಫ್ಲುಯೊಕ್ಸೆಟಿನ್ 40 ಇದ್ದಿದ್ದು 60 ಮಾಡಿ ಮೂರು ವಾರ ಆಯ್ತು. ಈಗ ಕೈ ತೊಳೆಯೋದೇ ಕಮ್ಮಿ, ತುಂಬಾ ಖುಷಿಯಾಗಿದಾನೆ, ಎರಡು ಗಂಟೆ ಮಲಗಿದ್ರೂ ಸುಸ್ತಿಲ್ಲ, ಬೆಣ್ಣೆದೋಸೆ ಹೋಟ್ಲು ಇಡ್ತೀನಿ ಅಂತ ಮೂರು ಗ್ರೈಂಡರ್ ತರಿಸಿದಾನೆ. ದೇವರ ದಯೆ, ವಾಸಿಯಾಯ್ತು. ಮಾತ್ರೆ ನಿಲ್ಲಿಸಬಹುದಾ?

ಡಾಕ್ಟರ್: ಅಮ್ಮಾ, ಇದನ್ನ ಓದಿ ನಂಗೆ ಗಾಬರಿಯಾಯ್ತು. ಗೀಳು ವಾಸಿಯಾದವರು ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ, ನಿದ್ದೆನೇ ಬೇಡ ಅನ್ನಲ್ಲ. ಇದು ಮೇನಿಯಾದ, ಅಂದ್ರೆ ಮನಸ್ಸು ಮಿತಿಮೀರಿ ಉಬ್ಬೋದರ ಶುರು ಇರಬಹುದು. ಡಿಪ್ರೆಶನ್‌ಗೆ ಎಷ್ಟೋ ಜನಕ್ಕೆ 20 ಮಿಲಿಗ್ರಾಂ ಸಾಕಾಗುತ್ತೆ, ಗೀಳಿಗೆ 40, 60, ಕೆಲವರಿಗೆ 80ರ ತನಕ ಹೋಗ್ಬೇಕಾಗುತ್ತೆ, ಒಳಗೆ ಬೈಪೋಲಾರ್ (ಮನಸ್ಸು ಒಮ್ಮೆ ಮಿತಿಮೀರಿ ಏರಿ, ಒಮ್ಮೆ ಕುಸಿಯೋ ಕಾಯಿಲೆ) ಅಡಗಿದ್ರೆ ಮಾತ್ರೆ ಅದನ್ನ ಮೇಲೆಬ್ಬಿಸಿಬಿಡುತ್ತೆ. ಮುಂದಿನ ಮಾತ್ರೆ ಕೊಡ್ಬೇಕಾ ಬೇಡ್ವಾ ಅಂತ ಅವರ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡಿ. ಫ್ಲುಯೊಕ್ಸೆಟಿನ್ ಮೈಯಲ್ಲಿ ವಾರಗಟ್ಲೆ ಉಳಿಯುತ್ತೆ, ನಿಲ್ಲಿಸಿದ್ರೆ ಇಳಿಯುತ್ತೆ ಅಂತ ಮನೇಲಿ ಕೂರ್ಬೇಡಿ. ಎಟಿಎಂ ಕಾರ್ಡು, ಬೈಕ್ ಕೀ ನಿಮ್ಮ ಹತ್ರ ಇರ್ಲಿ. 25ರ ಒಳಗಿನವರಲ್ಲಿ ಈ ಮಾತ್ರೆ ಶುರು ಮಾಡಿದಾಗ, ಡೋಸ್ ಬದಲಾದಾಗ ಸಾಯೋ ಯೋಚನೆ ಬರಬಹುದು, ಅದನ್ನೂ ನೇರವಾಗೇ ಕೇಳಿ, ಕೇಳಿದ್ರೆ ಯೋಚನೆ ಹುಟ್ಟಲ್ಲ. ಯಾರೂ ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮನೇಲಿ ಬೇರೆ ಯಾರಿಗಾದ್ರೂ ಹಿಂಗಾಗಿತ್ತಾ?

ಮೈಸೂರು: ಫಾರ್ವರ್ಡ್ ಬಂದಿದ್ದು: ಬ್ರಾಹ್ಮಿ ರಸದ ಜೊತೆ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಕ್ಯಾಪ್ಸೂಲ್ 48 ದಿನ, ಇಂಗ್ಲಿಷ್ ಮಾತ್ರೆ ಬೇಕಾಗಿಲ್ಲ.

ಡಾಕ್ಟರ್: ದಯವಿಟ್ಟು ಇದನ್ನ ಯಾರಿಗೂ ಕಳಿಸ್ಬೇಡಿ. ಆ ಕ್ಯಾಪ್ಸೂಲ್ ಈ ಮಾತ್ರೆಗಳ ಜೊತೆ ಸೇರಿದ್ರೆ ಸಿರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಜಾಸ್ತಿಯಾಗಿ ಜ್ವರ, ನಡುಕ, ಬೆವರು, ಗೊಂದಲ, ಜೀವಕ್ಕೇ ಕುತ್ತು. ಟ್ರಾಮಡಾಲ್ ಅನ್ನೋ ನೋವಿನ ಮಾತ್ರೆನೂ ಅಷ್ಟೇ.

ಮೈಸೂರು: ನಮ್ಮಜ್ಜಿ ಕಾಲದಲ್ಲಿ ಓಸಿಡಿ ಎಲ್ಲಿತ್ತು ಸರ್? ಮಾತ್ರೆ ಮಾರೋಕೆ ಹುಟ್ಟಿದ ಕಾಯಿಲೆ.

ತುಮಕೂರು: ಇತ್ತು ರೀ, ಮಡಿ ಅಂತ ಸುಮ್ನಿದ್ರು. ನಮ್ಮ ಸೋದರತ್ತೆ ಒದ್ದೆ ಸೀರೇಲಿ ಬಾವಿಕಟ್ಟೆ ಹತ್ರ ಮಧ್ಯಾಹ್ನದ ತನಕ ನಿಂತಿರೋರು, ಕೊಡ ತೊಳೆದಿದ್ದೇ ತೊಳೆಯೋದು.

ಮೈಸೂರು: ಮಡೀನ ರೋಗ ಅಂತೀರಾ? ಮಾತು ಹಿಡಿತದಲ್ಲಿರ್ಲಿ.

ತುಮಕೂರು: ಅವರು ಅಳ್ತಾ ತೊಳೀತಿದ್ರು. ನಾನು ನೋಡಿದೀನಿ, ನೀವಲ್ಲ.

ಅಡ್ಮಿನ್: ಇಬ್ರೂ ನಿಲ್ಲಿಸಿ.

ಉಡುಪಿ: ಇದು ಚಟ ಆಗುತ್ತಾ? ಬಿಡಬಹುದಾ?

ಡಾಕ್ಟರ್: ಚಟ ಅಲ್ಲ. ಥಟ್ಟನೆ ಬಿಟ್ರೆ ತಲೆಸುತ್ತು, ಸಿಡಿಮಿಡಿ. ಬಿಡೋದರ ಬಗ್ಗೆ ಮೂರನೇ ಸಲ ಹೇಳ್ತಿದೀನಿ, ಮೇಲೆ ಓದಿ.

ಹಾಸನ: ಸರ್, ನಂದು ಒಂಚೂರು ನೋಡಿ.

ಮೈಸೂರು: ಪ್ರಶ್ನೆ ಕೇಳಿದ್ರೆ ಬೈಯ್ಯೋ ಡಾಕ್ಟ್ರು.

ದಾವಣಗೆರೆ: ಸರ್, ಅವನ ಚಿಕ್ಕಪ್ಪಂಗೂ ಹಿಂಗೇ ಆಗಿತ್ತು, ಒಂದೇ ವಾರದಲ್ಲಿ ಎರಡೆಕರೆ ಅಡಿಕೆ ತೋಟ ಮಾರಿಬಿಟ್ಟಿದ್ದ. ಡಾಕ್ಟ್ರು ಫೋನ್ ಎತ್ತಲಿಲ್ಲ, ನಾಳೆ ಹೋದ್ರೆ ಆಗುತ್ತಾ?

ಡಾಕ್ಟರ್: ಬೇಡಮ್ಮಾ, ಈಗ್ಲೇ ಹೊರಡಿ, ಹತ್ತಿರದ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ. ಚೀಟಿ, ಮಾತ್ರೆ ಪಟ್ಟಿ ಕೈಲಿರ್ಲಿ, ಚಿಕ್ಕಪ್ಪನ ವಿಷಯನೇ ಮೊದಲು ಹೇಳಿ. ಮಗನ ಜೊತೆ ಇಬ್ರು ಹೋಗಿ. ತಲುಪಿದ್ಮೇಲೆ ಇಲ್ಲಿ ಒಂದು ಮಾತು ಹಾಕಿ, ನಾನು ಕಾಯ್ತಿರ್ತೀನಿ.