ಈ ವಾರದ ಸಮಸ್ಯೆ: ಬಾಲಂ ಬಂದವನೆ ಭಾಗ್ಯವಂತನು

ಕೊಪಣದ ಅಜ್ಜ: ಎಲ್ಲರಿಗೂ ಶರಣು. ಈ ಸಲ ಸಮಸ್ಯೆ, ಅಂದರೆ ಪದ್ಯದ ಕೊನೆಯ ಸಾಲು, ಕೊಡುವ ಸರದಿ ನನ್ನದು. ಮೇಲಿನ ಮೂರು ಸಾಲು ನೀವು ಕಟ್ಟಬೇಕು. ಮೊದಲು ಒಂದು ಸಣ್ಣ ಕತೆ. ಆನೆಗೊಂದಿ ಹತ್ತಿರ ಒಂದು ಊರು ಇದೆ ಅಂದುಕೊಳ್ಳಿ. ನಿಜದ ಊರಲ್ಲ, ಯಾರೂ ಮ್ಯಾಪ್ ತೆಗೆದು ಹುಡುಕಬೇಡಿ. ಅಲ್ಲಿ ಕೋತಿಗೆ ಕಲ್ಲು ಹೊಡೆದವನಿಗೆ ಒಂದು ಬೇನೆ ಹತ್ತುತ್ತೆ. ಮೊದಲ ದಿನ ಸೊಂಟದ ಕೆಳಗೆ ತುರಿಕೆ. ಮೂರನೇ ದಿನ ಹೆಬ್ಬೆರಳಿನಷ್ಟು ಗಂಟು. ಅಮಾವಾಸ್ಯೆ ಹೊತ್ತಿಗೆ ಮಾರುದ್ದ ಬಾಲ, ಕೂದಲು ಸಮೇತ. ಸುಳ್ಳು ಹೇಳಿದರೆ ಬಾಲ ನೆಟ್ಟಗೆ ನಿಲ್ಲುತ್ತೆ. ಔಷಧ ಇಲ್ಲ. ಕಿಷ್ಕಿಂಧೆಯ ನೆಲ, ಇಲ್ಲಿ ಬರದೆ ಇನ್ನೆಲ್ಲಿ ಬರಬೇಕು?

*ಬಾಲಂ ಬಂದವನೆ ಭಾಗ್ಯವಂತನು ಜಗದೊಳ್*

ಭಾಗ್ಯ ಹೇಗೆ ಅಂತ ನೀವು ಹೇಳಿ. ಆಂಜನೇಯನನ್ನು ತಂದು ನಿಲ್ಲಿಸಿ ಕೈ ತೊಳೆದುಕೊಳ್ಳಬೇಡಿ, ಅದು ಎಲ್ಲರಿಗೂ ಹೊಳೆಯುತ್ತೆ.

ಗಂಗಾವತಿ ಭತ್ತ: ಅಯ್ಯೋ ಅಜ್ಜಾ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿಸಿ ಪದ್ಯ ರೆಡಿ ಮಾಡಿದ್ದೆ. ಹಾಳಾಯ್ತು.

ಬಳ್ಳಾರಿ ಮೇಷ್ಟ್ರು: ನಮ್ಮೂರಿನ ಕಸುಬಿಗೆ ಒಂದು ದಾರಿ ಆಯ್ತು. ತಗೊಳ್ಳಿ.

*ನೀಲಿಯ ಜೀನ್ಸಿನ ಹಿಂದಕೆ*
*ಗೋಲಾಗಿರೆ ತೂತು, ಗುಂಡಿ, ಗೋಟುಂ ಬೇರೇ!*
*ಕೂಲಿಗೆ ಮುಮ್ಮಡಿ ತೆತ್ತುಂ*
*ಬಾಲಂ ಬಂದವನೆ ಭಾಗ್ಯವಂತನು ಜಗದೊಳ್*

ಗಂಗಾವತಿ ಭತ್ತ: ಚೆನ್ನಾಗಿದೆ. ಆದರೆ ಆ "ಬೇರೇ" ಎಳೆದದ್ದು ಕಾಣಿಸಿತು ಮೇಷ್ಟ್ರೇ.

ಬಳ್ಳಾರಿ ಮೇಷ್ಟ್ರು: ಅದು ಬೆರಗಿನ ದೀರ್ಘ.

ಗಂಗಾವತಿ ಭತ್ತ: ಬಾಲ ನೆಟ್ಟಗೆ ನಿಂತಿತು, ನೋಡಿಕೊಳ್ಳಿ.

ಸಿಂಧನೂರು ಪ್ಯಾಸೆಂಜರ್: ಸೋಮವಾರ ಬೆಳಿಗ್ಗೆ ರಾಯಚೂರು ಬಸ್ಸಿನಲ್ಲಿ ಒಂದು ಕಾಲ ಮೇಲೆ ನಿಂತು ಹೊಳೆದದ್ದು.

*ಮೇಲಿನ ಕಂಬಿಯ ಹಿಡಿಯಲು*
*ಸಾಲದು ಕೈ, ಬುತ್ತಿಗಂಟು, ಬಸ್ಸಿನ ನೂಕೊಳ್*
*ಕಾಲಿಡಲೆಡೆಯಿಲ್ಲದ ದಿನ*
*ಬಾಲಂ ಬಂದವನೆ ಭಾಗ್ಯವಂತನು ಜಗದೊಳ್*

ಕೊಪಣದ ಅಜ್ಜ: ಭೇಷ್.

ರಾಯಚೂರು ಬಿಸಿಲು: ಜೀನ್ಸು, ಬಸ್ಸು ಎಲ್ಲ ಆಯ್ತು. ಸ್ವಲ್ಪ ಹೊಲಕ್ಕೆ ಬನ್ನಿ.

*ಜೋಳದ ತೆನೆ ಮುರಿಯುವ ದಿನ*
*ಕೂಲಿಗೆ ಜನವಿಲ್ಲವೆಂದು ಕೊರಗುವುದೇಕೈ?*
*ಮೂಲೆಯ ತೆನೆಗೂ ಚಾಚುವ*
*ಬಾಲಂ ಬಂದವನೆ ಭಾಗ್ಯವಂತನು ಜಗದೊಳ್*

ಬಳ್ಳಾರಿ ಮೇಷ್ಟ್ರು: ತಮ್ಮಾ, ಮೂರನೇ ಸಾಲು ನಾಲ್ಕನೆಯದಕ್ಕೆ ಹರಿದದ್ದು ಸೊಗಸಾಗಿದೆ. ಆದರೆ ಮೊದಲ ಸಾಲಿನಲ್ಲಿ ಜೋಳ, ಉಳಿದ ಮೂರರಲ್ಲಿ ಕೂಲಿ, ಮೂಲೆ, ಬಾಲ. ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬಂದರೆ ತಾನೇ ಪ್ರಾಸ, ಇದೇನಪ್ಪಾ?

ರಾಯಚೂರು ಬಿಸಿಲು: ಏನು ಅಂದರೆ? ಲ-ಳ ನಡೆಯುತ್ತೆ.

ಬಳ್ಳಾರಿ ಮೇಷ್ಟ್ರು: ಎಲ್ಲಿ ನಡೆಯುತ್ತೆ?

ರಾಯಚೂರು ಬಿಸಿಲು: ತೆಲುಗಿನಲ್ಲಿ ನಡೆಯುತ್ತೆ. ನಿಮ್ಮೂರು 1953ರವರೆಗೂ ಮದ್ರಾಸಿನ ಕೆಳಗಿತ್ತು. ನಿಮಗೇ ನಾನು ತೆಲುಗು ಪದ್ಯದ ಪಾಠ ಹೇಳಬೇಕಾ?

ಬಳ್ಳಾರಿ ಮೇಷ್ಟ್ರು: ತೆಲುಗಿನಲ್ಲಿ ಸಾಲಿನ ಮೊದಲ ಅಕ್ಷರಕ್ಕೆ ನಡುವಿನ ಅಕ್ಷರ ಹೊಂದಿಸುವ ಯತಿಮೈತ್ರಿಯೂ ಇದೆ. ಅದನ್ನೂ ತರುತ್ತೀಯಾ? ಕನ್ನಡದಲ್ಲಿ ಬರೆದ ಮೇಲೆ ಕನ್ನಡದ ಲೆಕ್ಕ. ಕ್ಷಳ, ಅಂದರೆ ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆದದ್ದು, ಆಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇದು ಅಪ್ಪಟ ಕುಳ, ಕನ್ನಡದ್ದೇ ಳ.

ರಾಯಚೂರು ಬಿಸಿಲು: ಕುಳ ಅಂತ ಯಾರು ಹೇಳಿದ್ದು? ಜೋಳ ಬಂದದ್ದು ಸಂಸ್ಕೃತದ ಯವನಾಲದಿಂದ ಅಂತ ಹೇಳುವವರು ಇದ್ದಾರೆ. ಅಲ್ಲಿ ಇರುವುದು ಲ. ಹಾಗಾದರೆ ಇದು ಕ್ಷಳವೇ. ಈಗ ಕಣ್ಣು ಮುಚ್ಚಿಕೊಳ್ಳಿ ಮೇಷ್ಟ್ರೇ.

ಸಿಂಧನೂರು ಪ್ಯಾಸೆಂಜರ್: ಅಬ್ಬಾ! ಜೋಳಕ್ಕೆ ಜಾತಿ ಸರ್ಟಿಫಿಕೇಟ್ ಸಿಕ್ಕಿತು.

ಬಳ್ಳಾರಿ ಮೇಷ್ಟ್ರು: ಹೇಳುವವರು ಏನು ಬೇಕಾದರೂ ಹೇಳುತ್ತಾರೆ. ನಿನ್ನ ಅಜ್ಜಿ ರೊಟ್ಟಿ ಬಡಿಯುವಾಗ "ಯವನಾಲದ ಹಿಟ್ಟು ತಾ" ಅಂತಿದ್ದಳಾ?

ಗಂಗಾವತಿ ಭತ್ತ: ಜಗಳ ಬೇಡ. "ಸಾಲಿನ ತೆನೆ ಮುರಿಯುವ ದಿನ" ಅಂತ ಮಾಡಿ. ಮುಗೀತು.

ರಾಯಚೂರು ಬಿಸಿಲು: ಸಾಲಿನ ತೆನೆ ಅಂದರೆ ಯಾವುದರ ತೆನೆ? ಸಜ್ಜೆಯದೋ, ನವಣೆಯದೋ? ಎರಡು ಹೊಳೆ ನಡುವಿನ ಎರೆಹೊಲ, ಹಿಂಗಾರಿ ಬಿಳಿಜೋಳ. ಅದನ್ನು ಕಿತ್ತು ಹಾಕಿದರೆ ಪದ್ಯದಲ್ಲಿ ಉಳಿಯೋದೇನು, ಬರೀ ಬಾಲ. ತುಂಗಭದ್ರಾ ಡ್ಯಾಂ ನೀರು ಬಂದ ಮೇಲೆ ನೀವೆಲ್ಲ ಜೋಳ ಬಿಟ್ಟು ಭತ್ತಕ್ಕೆ ಬಿದ್ದವರು. ನಿಮಗೆ ತೆನೆ ಮುರಿಯೋದು ಹೇಗೆ ಗೊತ್ತಾಗಬೇಕು?

ಗಂಗಾವತಿ ಭತ್ತ: ನಾನು ಬಿಡಿಸೋಕೆ ಬಂದವನು. ನನಗ್ಯಾಕೆ ಬಾರಿಸ್ತೀರಿ?

ಕುಷ್ಟಗಿ ಅಕ್ಕ: ನನ್ನದೂ ಒಂದು ಇರಲಿ. ತಡವಾಯ್ತು, ಮನೆಯಲ್ಲಿ ಕೆಲಸ ಜಾಸ್ತಿ ಇತ್ತು.

*ಸಾಲಕೆ ಗುಳೆ ಹೋದ ಮಗಂ*
*ಕಾಲಕೆ ಮಳೆಯಾಯಿತೆಂದು ಕೇಳುತೆ ಮರಳಲ್*
*ಬೇಲಿಯ ದಾಂಟುತ ಮನೆಗಾ*
*ಬಾಲಂ ಬಂದವನೆ ಭಾಗ್ಯವಂತನು ಜಗದೊಳ್*

ಕೊಪಣದ ಅಜ್ಜ: ಚೆನ್ನಾಗಿದೆ ತಂಗೀ.

ಸಿಂಧನೂರು ಪ್ಯಾಸೆಂಜರ್: 👌

ಬಳ್ಳಾರಿ ಮೇಷ್ಟ್ರು: ಅಕ್ಕಾ, ಸರಿಯಾಗಿದೆ. ಬಾಲ ಅಂದರೆ ಹುಡುಗ, ಒಪ್ಪಿದೆ. ಬಿಸಿಲಪ್ಪಾ, ನೋಡು. ಅಕ್ಕನಿಗೆ ನಾಲ್ಕೂ ಕಡೆ ಲಕಾರ ಸಿಕ್ಕಿತು. ನಿನಗೊಬ್ಬನಿಗೇ ಬರ.

ರಾಯಚೂರು ಬಿಸಿಲು: ಅಕ್ಕನ ಪದ್ಯ ನನಗೆ ಹೊಡೆಯೋಕೆ ಕೋಲಲ್ಲ. ನಿಮ್ಮದೇ ಮಾತಾಡೋಣ. ಹೋದ ದೀಪಾವಳಿಗೆ ನೀವು "ಅಮರ್ದು" ಅಂತ ಹಾಕಿ, ಮಾತ್ರೆಯ ಲೆಕ್ಕ ತಪ್ಪಿದಾಗ "ಶಿಥಿಲ, ಒತ್ತಕ್ಷರ ತೇಲಿಸಿ ಓದಿ" ಅಂತ ನುಣುಚಿಕೊಂಡಿರಿ. ನಾವು ಯಾರಾದರೂ ಕೇಳಿದೆವಾ?

ಬಳ್ಳಾರಿ ಮೇಷ್ಟ್ರು: ಅಮರ್ದು ಶಿಥಿಲವೇ! ಪಂಪನಿಂದ ಹಿಡಿದು ಎಲ್ಲರಲ್ಲೂ ಇದೆ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ರಾಯಚೂರು ಬಿಸಿಲು: ನಿಮಗೆ ಬೇಕಾದಾಗ ಶಿಥಿಲ, ನಮಗೆ ಬೇಕಾದಾಗ ಬಿಗಿ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ ನಿಮ್ಮ ನ್ಯಾಯ.

ಕೊಪಣದ ಅಜ್ಜ: ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ಊರುಗಳಲ್ಲಿ ಕೊಪಣನಗರದ, ಅಂದರೆ ನಮ್ಮ ಕೊಪ್ಪಳದ, ಹೆಸರಿದೆ. ರಾಯಚೂರೂ ಇಲ್ಲ, ಬಳ್ಳಾರಿಯೂ ಇಲ್ಲ. ಆದ್ದರಿಂದ ಕೊನೆಯ ಮಾತು ನಮ್ಮದು.

ರಾಯಚೂರು ಬಿಸಿಲು: ಬಂತಪ್ಪಾ ಕೊಪಣ! ಅಜ್ಜಾ, 1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ನಿಮ್ಮ ಗವಿಮಠದ್ದು, ಪಾಲ್ಕಿಗುಂಡಿನದು ಬರೀ "ದೇವಾನಾಂಪ್ರಿಯ". ಹೆಸರು ಹೇಳೋಕೂ ನಾವೇ ಬೇಕಾಯ್ತು.

ಕೊಪಣದ ಅಜ್ಜ: ಅದು ಪ್ರಾಕೃತ. ಅಲ್ಲಿ ನಿನ್ನ ಜೋಳಕ್ಕೂ ಪ್ರಾಸ ಕೇಳುವವರಿಲ್ಲ.

ಸಿಂಧನೂರು ಪ್ಯಾಸೆಂಜರ್: ಹ್ಹಹ್ಹ. ಅಜ್ಜಾ, ಒಂದು ಅನುಮಾನ. ನೀವು ಕತೆಯಲ್ಲಿ "ಕೋತಿ" ಅಂದಿರಿ. ನಮ್ಮ ಕಡೆ ಮಂಗ್ಯಾ ಅಂತೀವಿ. ಬಾಲ ಉದ್ದ ಇರೋದು ಕಪ್ಪು ಮುಖದ ಮುಸ್ಯಾಗೆ. ಬೇನೆ ಯಾವುದಕ್ಕೆ ಹೊಡೆದರೆ ಬರುತ್ತೆ? ಕಲ್ಲು ಎತ್ತೋ ಮೊದಲು ಗೊತ್ತಿದ್ದರೆ ಒಳ್ಳೆಯದು.

ಕೊಪಣದ ಅಜ್ಜ: ಮಾರುದ್ದ ಬೇಕಾದರೆ ಮುಸ್ಯಾಗೆ ಹೊಡಿ. ಗೇಣುದ್ದ ಸಾಕು ಅಂದರೆ ಮಂಗ್ಯಾ.

ಗಂಗಾವತಿ ಭತ್ತ: ಬಳ್ಳಾರಿಯವರು ಕೋತಿ ಅಂತಾರೆ. ಅವರಿಗೆ ಬರೀ ತುರಿಕೆ.

ಬಳ್ಳಾರಿ ಮೇಷ್ಟ್ರು: ತುರಿಕೆ ಯಾರಿಗೆ ಅಂತ ಎಲ್ಲರಿಗೂ ಕಾಣ್ತಿದೆ. ಬಿಸಿಲಪ್ಪಾ, ಒಂದೇ ಪ್ರಶ್ನೆ. ಎದೆ ಮುಟ್ಟಿಕೊಂಡು ಹೇಳು. ಬರೆಯುವಾಗ ಯವನಾಲ ನಿನ್ನ ತಲೆಯಲ್ಲಿ ಇತ್ತಾ, ಅಥವಾ ನಾನು ಕೇಳಿದ ಮೇಲೆ ಹುಡುಕಿದೆಯಾ?

ರಾಯಚೂರು ಬಿಸಿಲು: ಇತ್ತು.

ಬಳ್ಳಾರಿ ಮೇಷ್ಟ್ರು: ಹಿಂದೆ ತಿರುಗಿ ನೋಡಿಕೋ.

ಸಿಂಧನೂರು ಪ್ಯಾಸೆಂಜರ್: ನೆಟ್ಟಗೆ! ಕೋಟೆಯ ಮೇಲಿನ ಬಾವುಟದ ಹಾಗೆ!

ಕುಷ್ಟಗಿ ಅಕ್ಕ: ನೀವೆಲ್ಲ ಊಟ ಮಾಡಿದಿರಾ? ನನ್ನ ಎರಡನೇ ಸಾಲಿನ "ಕೇಳುತೆ" ಬಗ್ಗೆ ನನಗೇ ಸಮಾಧಾನ ಇರಲಿಲ್ಲ. ಯಾರಾದರೂ ಕೇಳುತ್ತಾರೆ ಅಂತ ಕಾದೆ.

ಕೊಪಣದ ಅಜ್ಜ: ಇರಲಿ ತಂಗೀ, ನಡೆಯುತ್ತೆ. ನಿನ್ನ ಮಗ ಈ ಸಲ ಜಾತ್ರೆಗೆ ಬಂದಿದ್ದನಾ?

ಕುಷ್ಟಗಿ ಅಕ್ಕ: ಬಂದಿದ್ದ ಅಜ್ಜಾ. ಎರಡು ದಿನ ಇದ್ದು ಹೋದ.

ಬಳ್ಳಾರಿ ಮೇಷ್ಟ್ರು: "ಕೇಳುತೆ" ಬಿಡಿ, ಅದಕ್ಕೆ ತಪ್ಪಿಲ್ಲ. ಜೋಳಕ್ಕೆ ತೀರ್ಮಾನ ಆಗಲಿ. ಅಜ್ಜಾ, ಒಪ್ಪುತ್ತೀರೋ ಇಲ್ಲವೋ?

ಕೊಪಣದ ಅಜ್ಜ: ಪದ್ಯ ಒಪ್ಪಿದೆ. ಪ್ರಾಸ ಒಪ್ಪಲಿಲ್ಲ. ಮುಂದಿನ ವಾರದ ಸಮಸ್ಯೆ ಈಗಲೇ ಕೊಡುತ್ತೇನೆ. ಅದೇ ಊರು, ಬೇನೆ ಈಗ ಕೋಳಿಗಳಿಗೆ ಹತ್ತಿದೆ.

*ಕೋಳಿಗೆ ಕೊಂಬೆದ್ದ ರಾತ್ರಿ ಮೂಡಿದ ಸೂರ್ಯಂ*

ರಾಯಚೂರಿನವರು ಹೊಟ್ಟೆ ತುಂಬ ಜೋಳ ಹಾಕಿಕೊಳ್ಳಬಹುದು. ಕುಳವೋ ಕ್ಷಳವೋ ಯಾರೂ ಕೇಳುವುದಿಲ್ಲ.

ರಾಯಚೂರು ಬಿಸಿಲು: ಬೇಡ. ಮುಂದಿನ ವಾರ ನಾನು ಸಜ್ಜೆ ಮೇಲೆ ಬರೀತೀನಿ.