ಬೆಂಗಳೂರು ಪೇಟೆಯ ಹಳೆಯ ಎಲ್ಲೆ ಗುರುತಿಸುವುದು ಹೇಗೆ?

ಪ್ರಶ್ನೆ: ಕೆಂಪೇಗೌಡರ ಕಾಲದ ಪೇಟೆ ಎಲ್ಲಿಂದ ಎಲ್ಲಿಯವರೆಗೆ ಇತ್ತು? ಕೃಷ್ಣರಾಜೇಂದ್ರ ರಸ್ತೆಯ ಕಲ್ಲಿನ ಕೋಟೆ ಪೇಟೆಯ ಗೋಡೆಯ ಭಾಗವೇ? ನಡೆದು ನೋಡಲು ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಅಲ್ಲ, ಇವೆರಡನ್ನೂ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪೇಟೆಗಿದ್ದದ್ದು ಮಣ್ಣಿನ ಗೋಡೆ, ಹೊರಗೆ ಕಂದಕ, ಮುಳ್ಳಿನ ಬೇಲಿ. ಅದು ಉಳಿದಿಲ್ಲ. ನೀವು ಹೇಳುವ ಕಲ್ಲಿನ ಕೋಟೆ, ಅಂದರೆ ದಿಲ್ಲಿ ಬಾಗಿಲು, ಪೇಟೆಯ ದಕ್ಷಿಣಕ್ಕಿದ್ದ ಪ್ರತ್ಯೇಕ ಕೋಟೆಯದು. ಅದನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸತೊಡಗಿದ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆ ಮೊದಲು ಪೇಟೆ ಹಿಡಿಯಿತು. ಕೋಟೆ ಬಿದ್ದದ್ದು ಮಾರ್ಚ್ 21ಕ್ಕೆ. ಎರಡೂ ಬೇರೆ ಎಂಬುದಕ್ಕೆ ಇಷ್ಟು ಸಾಕು.

ಉತ್ತರ 2: ಮೈಸೂರು ಬ್ಯಾಂಕ್ ವೃತ್ತದಿಂದ ಹೊರಡಿ, ಪೇಟೆಯ ಉತ್ತರದ ಯಲಹಂಕ ಬಾಗಿಲು ಆ ಕಡೆಯೇ ಇತ್ತು. ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ. ದಕ್ಷಿಣಕ್ಕೆ ನಡೆದರೆ ಚಿಕ್ಕಪೇಟೆ ಅಡ್ಡ ಬರುತ್ತದೆ, ಆ ಚೌಕವೇ ಪೇಟೆಯ ನಡುಮಧ್ಯ. ಮುಖ್ಯರಸ್ತೆಯಲ್ಲೇ ಉಳಿದರೆ ಏನೂ ಕಾಣದು; ಬಳೇಪೇಟೆ, ಅರಳೇಪೇಟೆ, ತರಗುಪೇಟೆಗಳ ಒಳಗಲ್ಲಿಗಳಿಗೆ ಹೋಗಿ. ಭಾನುವಾರ ಬೆಳಿಗ್ಗೆ ಉತ್ತಮ: ಷಟರ್ ಮುಚ್ಚಿರುತ್ತವೆ, ತಲೆ ಎತ್ತಿದರೆ ಮೇಲಂತಸ್ತಿನ ಮರದ ಕಂಬ, ಗಾರೆಯ ಕೆಲಸ ಕಾಣುತ್ತದೆ.

ಉತ್ತರ 3: ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ ಬಿಡಬೇಡಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಅಲ್ಲಿಂದ ಹೊರಟು ಪೇಟೆಯ ಬೀದಿಗಳನ್ನು ಸುತ್ತುತ್ತದೆ, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತದೆ. ಹಳೆಯ ಬೀದಿಗಳ ಜೋಡಣೆ ಅರಿಯಲು ಆ ದಾರಿಗಿಂತ ಒಳ್ಳೆಯ ನಕ್ಷೆಯಿಲ್ಲ.

ಇನ್ನೊಂದು ಮಾತು, ಅಲ್ಲಿ ಮನೆಯಿರುವವರಿಗೆ: ಗಾರೆ ಗೋಡೆಗೆ ಸಿಮೆಂಟ್ ಬಳಿಯಬೇಡಿ. ತೇವ ಹೊರಬರಲಾಗದೆ ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗಾರೆಯಲ್ಲೇ ದುರಸ್ತಿ ಮಾಡಿಸಿ.