ಸಹಾಯ ಬೇಕು: ಟ್ಯಾಕ್ಸ್, ಎಂಒಟಿ (ವಾಹನದ ವಾರ್ಷಿಕ ತಪಾಸಣೆ) ಎರಡೂ ಇಲ್ಲದ ಕಾರನ್ನು ಸಾಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನನ್ನ ಹಳೇ ಕಾರು ಎರಡು ವರ್ಷದಿಂದ ಸ್ಲೌನಲ್ಲಿ ಗೆಳೆಯನ ಮನೆ ಮುಂದೆ, ಅವನದೇ ಜಾಗದಲ್ಲಿ ನಿಂತಿದೆ. ಸಾರ್ನ್ ಮಾಡಿಸಿದ್ದೇನೆ, ಅಂದರೆ ಕಾರನ್ನು ರಸ್ತೆಗೆ ಇಳಿಸುವುದಿಲ್ಲ ಅಂತ ಸರ್ಕಾರಕ್ಕೆ ತಿಳಿಸಿದ್ದೇನೆ, ಹಾಗಾಗಿ ಟ್ಯಾಕ್ಸ್ ಇಲ್ಲ, ಎಂಒಟಿ ಮುಗಿದು ಎಷ್ಟೋ ದಿನವಾಯ್ತು, ಇಂಜಿನ್ ಅಂತೂ ಸ್ಟಾರ್ಟೇ ಆಗುವುದಿಲ್ಲ. ಈಗ ಅವನು ಮನೆ ಖಾಲಿ ಮಾಡುತ್ತಿದ್ದಾನೆ.

"ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ ಬಾರೋ, ಭಾನುವಾರ ಬೆಳಿಗ್ಗೆ ಯಾರು ನೋಡ್ತಾರೆ" ಅಂತಾನೆ. ಊರಲ್ಲಾದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಬಿಡುತ್ತಿದ್ದೆವು, ಅಲ್ವಾ? ಆದರೆ ಇಲ್ಲಿ ಹಗ್ಗದಲ್ಲಿ ಎಳೆದರೂ ಹಿಂದಿನ ಕಾರು ರಸ್ತೆ ಮೇಲಿನ ವಾಹನವೇ, ಅದಕ್ಕೂ ಟ್ಯಾಕ್ಸ್, ಇನ್ಶೂರೆನ್ಸ್, ಎಂಒಟಿ ಎಲ್ಲಾ ಬೇಕು, ಸ್ಟೀರಿಂಗ್ ಹಿಡಿದವನಿಗೆ ಲೈಸೆನ್ಸೂ ಬೇಕು. ಎಂಒಟಿ ಇಲ್ಲದಿದ್ದರೇ 1,000 ಪೌಂಡ್‌ವರೆಗೆ ದಂಡ. ಮೊದಲೇ ಬುಕ್ ಮಾಡಿದ ಎಂಒಟಿಗೆ ಓಡಿಸಿಕೊಂಡು ಹೋಗಲು ವಿನಾಯಿತಿ ಇದೆ, ಆದರೆ ಓಡಿದರೆ ತಾನೇ! ಎ-ಫ್ರೇಮ್ (ಕಾರಿನ ಮುಂಭಾಗಕ್ಕೆ ಜೋಡಿಸಿ ಎಳೆಯುವ ತ್ರಿಕೋನ ಚೌಕಟ್ಟು) ಹಾಕಿದರೆ ಕಾರನ್ನೇ ಟ್ರೇಲರ್ ಅಂತ ಲೆಕ್ಕ ಹಾಕುತ್ತಾರೆ, 750 ಕೆಜಿ ದಾಟಿದರೆ ಅದರ ಬ್ರೇಕ್ ಕೆಲಸ ಮಾಡಲೇಬೇಕು. ನನ್ನದು ಸಾವಿರ ಕೆಜಿ ಮೇಲಿದೆ, ಬ್ರೇಕ್ ತುಕ್ಕು ಹಿಡಿದಿದೆ.

ಉಳಿದದ್ದು ನಾಲ್ಕೂ ಚಕ್ರ ಮೇಲೇರಿಸುವ ಟ್ರೇಲರ್. 2021ರ ಡಿಸೆಂಬರ್‌ನಿಂದ ಕಾರಿನ ಲೈಸೆನ್ಸಿನಲ್ಲೇ 3,500 ಕೆಜಿವರೆಗೆ ಎಳೆಯಬಹುದು, ಅದು ಸರಿ. ಆದರೆ ನಾನೀಗ ಓಡಿಸುವ ಪುಟ್ಟ ಕಾರಿಗೆ ಅಷ್ಟು ತಾಕತ್ತಿಲ್ಲ.

ಈ ಕಡೆ ಯಾರಾದರೂ ಟ್ರೇಲರ್ ಬಾಡಿಗೆಗೆ ತಂದು ಹೀಗೆ ಸಾಗಿಸಿದ್ದೀರಾ? ಎಷ್ಟಾಯಿತು? ಚಕ್ರ ಜಾಮ್ ಆಗಿದ್ದರೆ ಮೇಲೆ ಹತ್ತಿಸಿದ್ದು ಹೇಗೆ? ತಿಂಗಳ ಕೊನೆಯೊಳಗೆ ಕಾರು ಎತ್ತಬೇಕು, ದಯವಿಟ್ಟು ಬೇಗ ತಿಳಿಸಿ.